ಎಷ್ಟನೆಯ ಮೆಟ್ಟಿಲಿನಲ್ಲಿ ನೋವು

ನಮ್ಮ ಮನೆಯಂಗಳದಿಂದ ಅಡಿಕೆ ತೋಟಕ್ಕೆ ಇಳಿಯಲು ಕೆಂಪುಕಲ್ಲಿನ 32 ಮೆಟ್ಟಿಲುಗಳಿವೆ. ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ಗುಡ್ಡದ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಮನೆ ಮೇಲೆ, ತೋಟವೂ ನೀರೂ ಕೆಳಗೆ ಎಂಬುದೇ ಇಲ್ಲಿನ ನೆಲದ ಸ್ವಭಾವ. ಮದುವೆಯಾಗಿ ಬಂದಂದಿನಿಂದ ಆ ಮೆಟ್ಟಿಲುಗಳನ್ನು ಎಣಿಸುವ ಪ್ರಸಂಗ ನನಗೆ ಬಂದಿರಲಿಲ್ಲ. 2018ರಲ್ಲಿ, 56 ತುಂಬಿ ಶಾಲೆಯಿಂದ ನಿವೃತ್ತಳಾದ ವರ್ಷದ ಮಳೆಗಾಲದಲ್ಲಿ, ಏಳನೆಯ ಮೆಟ್ಟಿಲಿಗೆ ಕಾಲಿಟ್ಟಾಗ ಬಲ ಮೊಣಕಾಲು ಚುಳ್ಳೆಂದಿತು. ಅಂದಿನಿಂದ ಎಣಿಸುತ್ತಿದ್ದೇನೆ. ಹತ್ತುವಾಗ ಅಷ್ಟಾಗಿ ಕಾಡದ ನೋವು ಇಳಿಯುವಾಗ ಏಕೆ ಕಾಡುತ್ತದೆ ಎಂದು ಮೊದಮೊದಲು ಸೋಜಿಗವಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮೀರಿದ ಭಾರ ಬೀಳುತ್ತದೆ ಎಂಬುದನ್ನು ಓದಿ ತಿಳಿದದ್ದು ಆಮೇಲೆ.

ಈ ವರ್ಷಗಳಲ್ಲಿ ಆ ಒಂದು ಮೊಣಕಾಲಿನ ಹೆಸರಿನಲ್ಲಿ ಮನೆಯೊಳಗೆ ಬಂದು ಸೇರಿದ ವಸ್ತುಗಳನ್ನು ಇಡಲು ಗೋಡೆಯ ಗೂಡೊಂದನ್ನೇ ಬಿಟ್ಟುಕೊಡಬೇಕಾಯಿತು. ಕೊಟ್ಟಂಚುಕ್ಕಾದಿ ತೈಲ, ಮುರಿವೆಣ್ಣೆ, ಗಲ್ಫಿನಿಂದ ಬರುವವರೆಲ್ಲ ತಪ್ಪದೆ ತಂದುಕೊಡುವ ಕೊಡಲಿ ಗುರುತಿನ ಎಣ್ಣೆಯ ಪುಟ್ಟ ಬಾಟಲಿಗಳು, ಗ್ಲುಕೋಸಮೈನಿನ ದೊಡ್ಡ ಡಬ್ಬಿ, ಅರಸಿನದ ಸಾರವಿರುವ ಕ್ಯಾಪ್ಸೂಲು, ಚರ್ಮಕ್ಕೆ ಅಂಟಿಸುವ ಮೂರು ಬಗೆಯ ನೋವಿನ ಪಟ್ಟಿಗಳು. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಂಡವಳಲ್ಲ. ಒಂದೊಂದನ್ನೂ ನಂಬಿಯೇ ಉಪಯೋಗಿಸಿದೆ. ಆದರೆ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈಗೆ ಸುಮ್ಮನಿರಲು ಆಗದೆ, 2019ರಿಂದ ಒಂದು ನೋಟು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆ: ಇಂದು ಎಷ್ಟನೆಯ ಮೆಟ್ಟಿಲಿನಲ್ಲಿ ನೋವು ಶುರುವಾಯಿತು, ಏನು ನುಂಗಿದೆ, ಏನು ಹಚ್ಚಿದೆ. ನಾನು ಹೇಳಬೇಕೆಂದಿರುವುದೆಲ್ಲ ಆ ಪುಸ್ತಕದಿಂದ ಹುಟ್ಟಿದ್ದು.

ಎಕ್ಸ್‌ರೇ ತೆಗೆಸಿಕೊಂಡು ಮೂಳೆ ವೈದ್ಯರಲ್ಲಿಗೆ ಹೋದಾಗ ಅವರು ಚಿತ್ರವನ್ನು ಬೆಳಕಿಗೆ ಹಿಡಿದು, “ತೇಯ್ಮಾನಂ, ಟೀಚರೇ” ಎಂದರು. ಮಲಯಾಳದಲ್ಲಿ ತೇಯ್ಮಾನವೆಂದರೆ ಸವೆತ. ಮಂಡಿ, ಸೊಂಟ, ಕುತ್ತಿಗೆ ಎಂಬ ಭೇದವಿಲ್ಲದೆ, ನಡುವಯಸ್ಸು ದಾಟಿ ಇಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೆಲ್ಲರೂ ಕೇಳಿಸಿಕೊಂಡು ಬರುವ ಶಬ್ದವದು. ಶಬ್ದದಿಂದಲೇ ಬದುಕು ಸಾಗಿಸಿದವಳಿಗೆ ಶಬ್ದದ ಮೇಲೆ ನಂಬಿಕೆ ಹೆಚ್ಚು. ಸವೆದ ಚಪ್ಪಲಿಯಲ್ಲಿ ನಡೆದಷ್ಟೂ ಅದು ಇನ್ನಷ್ಟು ಸವೆಯುವುದು ತಾನೇ ಎಂದು ನಾನೇ ಲೆಕ್ಕ ಹಾಕಿ, ಆರು ತಿಂಗಳ ಕಾಲ ತೋಟಕ್ಕಿಳಿಯುವುದನ್ನು ನಿಲ್ಲಿಸಿಬಿಟ್ಟೆ. ವೈದ್ಯರು ನಡೆಯಬೇಡಿ ಎಂದಿರಲಿಲ್ಲ. ಹಾಗೆಂದು ಹೇಳಿದ್ದು ಆ ಶಬ್ದ.

ಆ ಲೆಕ್ಕ ತಪ್ಪು. ಮೂಳೆಯ ತುದಿಯನ್ನು ಹೊದ್ದುಕೊಂಡಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲಿನೊಳಗಿನ ದ್ರವದಿಂದ; ನಡೆಯುವಾಗ ಒತ್ತಡ ಬಿದ್ದು ಬಿಡುವಾಗ, ಹಿಂಡಿದ ಸ್ಪಂಜು ನೀರನ್ನು ಮತ್ತೆ ಹೀರಿಕೊಳ್ಳುವ ಹಾಗೆ, ಅದು ತನ್ನ ಆಹಾರವನ್ನು ಪಡೆಯುತ್ತದೆ. ಚಪ್ಪಲಿಯ ಅಟ್ಟೆಗೆ ಈ ಗುಣವಿಲ್ಲ. ಇನ್ನೊಂದು ವಿಚಾರವೆಂದರೆ, ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ಆದುದರಿಂದ ನೋಯುವುದು ಸವೆದ ಭಾಗವಲ್ಲ; ಅದರ ಕೆಳಗಿನ ಮೂಳೆ, ಕೀಲನ್ನು ಸುತ್ತಿರುವ ಪೊರೆ, ಅದರ ಕಟ್ಟುಗಳು. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಾಣುವವರು ಸಲೀಸಾಗಿ ನಡೆದಾಡುವುದೂ, ಸ್ವಲ್ಪವೇ ಸವೆದವರು ನರಳುವುದೂ ಇದೇ ಕಾರಣಕ್ಕೆ. ಆರು ತಿಂಗಳು ಕುಳಿತುದರ ಫಲವಾಗಿ ನನ್ನ ತೊಡೆಯ ಸ್ನಾಯುಗಳು ಸೊರಗಿದವು, ತೂಕ ಏರಿತು, ನೋವು ಏಳನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಹತ್ತಿತು.

ಅಂಥ ದಿನಗಳಲ್ಲೇ ಶಾರ್ಜಾದಲ್ಲಿರುವ ಅಕ್ಕನ ಮಗ ರಜೆಗೆ ಬಂದದ್ದು. “ಚಿಕ್ಕಮ್ಮಾ, ಅಲ್ಲಿ ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರೆ” ಎಂದು ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಸೇರಿದ ಎರಡು ದೊಡ್ಡ ಡಬ್ಬಿಗಳನ್ನು, ನನಗೊಂದು ಅವನ ತಾಯಿಗೊಂದು, ಮೇಜಿನ ಮೇಲಿಟ್ಟ. ಇವೆರಡೂ ಮೃದ್ವಸ್ಥಿಯ ರಚನೆಯಲ್ಲಿ ಇರುವ ಪದಾರ್ಥಗಳು ಎಂಬುದು ನಿಜ. ಕಡಿಮೆಯಾದುದನ್ನು ತಿಂದು ತುಂಬಿಸಿಕೊಳ್ಳುವುದು ಎಂಬ ತರ್ಕ ಎಷ್ಟು ಸರಳವೆಂದರೆ ಅದನ್ನು ಪ್ರಶ್ನಿಸಲೂ ತೋರುವುದಿಲ್ಲ. ಆದರೆ ಹೊಟ್ಟೆಗೆ ಹೋದ ವಸ್ತು ಅದೇ ರೂಪದಲ್ಲಿ ಮೊಣಕಾಲಿನ ವಿಳಾಸ ಹುಡುಕಿಕೊಂಡು ಹೋಗುವುದಿಲ್ಲ. ಹಾಗೆ ಆಗುವುದಿದ್ದರೆ ತಲೆಕೂದಲು ಉದುರಿದವರು ಕೂದಲನ್ನೇ ತಿನ್ನಬಹುದಿತ್ತು.

ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ನಾನು ಓದಿದ್ದು ಎರಡು ತಿಂಗಳು ಕಳೆದ ಮೇಲೆ. ಗ್ಲುಕೋಸಮೈನ್ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆದದ್ದು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಕಾಂಡ್ರಾಯ್ಟಿನ್ ಸಾಮಾನ್ಯವಾಗಿ ದನ, ಹಂದಿ ಅಥವಾ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಬರುತ್ತದೆ. ಏಕಾದಶಿಗೆ ನೀರುಳ್ಳಿಯನ್ನೂ ಮುಟ್ಟದ ಅಕ್ಕ ದಿನಕ್ಕೆ ಎರಡು ಹೊತ್ತು, ದೇವರಿಗೆ ಕೈಮುಗಿದು, ಏಡಿಯ ಚಿಪ್ಪನ್ನು ನುಂಗುತ್ತಿದ್ದಳು. ಇದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ನಾನು ಒಂದು ವಾರ ಯೋಚಿಸಿದೆ. ಹೇಳಿದ ದಿನ ಅವಳು ಬಹಳ ಹೊತ್ತು ಸುಮ್ಮನಿದ್ದು, “ಆದರೆ ನೋವು ಕಡಿಮೆಯಾಗಿತ್ತಲ್ಲ” ಎಂದಳು. ಮೆಕ್ಕೆಜೋಳವನ್ನು ಹುದುಗಿಸಿ ತಯಾರಿಸುವ ಗ್ಲುಕೋಸಮೈನ್ ಕೂಡ ಇದೆ. ಮಗ ಈಗ ಅದನ್ನೇ ಹುಡುಕಿ ಕಳುಹಿಸುತ್ತಾನೆ. ಆಚಾರದ ಮಾತು ಹಾಗಿರಲಿ, ಸೀಗಡಿ ಏಡಿ ತಿಂದರೆ ಮೈ ತುರಿಸುವ ಜನ ನಮ್ಮ ಕರಾವಳಿಯಲ್ಲಿ ಕಡಿಮೆಯಿಲ್ಲ. ಅವರು ಈ ಸಾಲನ್ನು ಓದಿಯೇ ಮುಂದುವರಿಯಬೇಕು. ಹೃದಯದ ತೊಂದರೆಗೆಂದು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಿಗಂತೂ ಗ್ಲುಕೋಸಮೈನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಭಾರತದಲ್ಲಿ ತಯಾರಾದ ಡಬ್ಬಿಗಳ ಮೇಲೆ, ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಂತೆ, ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಔಷಧವೆಂದೇ ಕೊಂಡು ತರುವ ನಮಗೆ ಅದು ಕಾಣಿಸುವುದೇ ಇಲ್ಲ.

ಅಕ್ಕನ ಆ ಮಾತಿಗೆ ಮರಳಬೇಕು, ಏಕೆಂದರೆ ನನ್ನ ಅನುಭವವೂ ಅದೇ ಆಗಿತ್ತು. ಮಾತ್ರೆ ಶುರುಮಾಡಿದ ಮೂರು ವಾರಗಳಲ್ಲಿ ನೋವು ಹತ್ತನೆಯ ಮೆಟ್ಟಿಲಿಗೂ, ಮತ್ತೊಂದು ತಿಂಗಳಲ್ಲಿ ಹದಿನೈದಕ್ಕೂ ಇಳಿದಿತ್ತು. ಕಂಡವರಿಗೆಲ್ಲ ನಾನು ಆ ಡಬ್ಬಿಯ ಹೆಸರನ್ನು ಬರೆದುಕೊಟ್ಟೆ. ಆಮೇಲೊಂದು ದಿನ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡುವಾಗ ಕಂಡದ್ದು ಬೇರೆ. ಯಾವ ಮದ್ದನ್ನೂ ಶುರುಮಾಡದ ತಿಂಗಳುಗಳಲ್ಲಿಯೂ ನೋವು ಹಾಗೆಯೇ ಏರಿ ಇಳಿದಿತ್ತು. ಹೊಸ ಮದ್ದು ಮನೆಗೆ ಬಂದ ದಿನಗಳೆಲ್ಲವೂ ನೋವು ಮೂರು, ನಾಲ್ಕು, ಐದನೆಯ ಮೆಟ್ಟಿಲಿನಲ್ಲಿದ್ದ ದಿನಗಳಾಗಿದ್ದವು. ನೋವಿಲ್ಲದ ದಿನ ಯಾರೂ ಮೆಡಿಕಲ್ ಶಾಪಿಗೆ ಹೋಗುವುದಿಲ್ಲವಷ್ಟೆ. ಈ ಬಗೆಯ ನೋವಿಗೆ ಉಬ್ಬರವಿಳಿತಗಳಿವೆ. ತುತ್ತತುದಿಗೆ ಏರಿದ ಮೇಲೆ ಅದು ತಾನಾಗಿಯೇ ಇಳಿಯುವುದೇ ಹೆಚ್ಚು. ಕುಂಬಳೆಯ ಕಡಲಿನ ಎದುರು ಉಬ್ಬರದ ವೇಳೆಗೆ ಒಬ್ಬಾತ ನಿಂತು, ಹಿಂದಕ್ಕೆ ಹೋಗು ಎಂದು ಮಂತ್ರ ಹೇಳತೊಡಗಿದರೆ, ಆರು ಗಂಟೆಗಳಲ್ಲಿ ಕಡಲು ಅವನ ಮಾತು ಕೇಳಿಯೇ ಕೇಳುತ್ತದೆ. ನಾನು ಮಾತ್ರೆ ನುಂಗಿದ್ದೂ ಅದೇ ಬಗೆಯ ಮುಹೂರ್ತದಲ್ಲಿ.

ನನ್ನೊಬ್ಬಳ ಪುಸ್ತಕದಿಂದ ಏನೂ ಸಿದ್ಧವಾಗುವುದಿಲ್ಲ. ಹಾಗಾಗಿಯೇ ದೊಡ್ಡ ಪರೀಕ್ಷೆಗಳು ಬೇಕಾಗುವುದು. ಅಮೆರಿಕದಲ್ಲಿ ಸರ್ಕಾರದ ಹಣದಿಂದ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಮಂಡಿನೋವಿನ 1,583 ಜನರನ್ನು ಐದು ಗುಂಪು ಮಾಡಿ, ದಿನಕ್ಕೆ 1,500 ಮಿಲಿಗ್ರಾಂ ಗ್ಲುಕೋಸಮೈನ್, 1,200 ಮಿಲಿಗ್ರಾಂ ಕಾಂಡ್ರಾಯ್ಟಿನ್, ಇವೆರಡೂ ಒಟ್ಟಿಗೆ, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಹಾಗೂ ಏನೂ ಇಲ್ಲದ ಹುಸಿಮಾತ್ರೆ, ಹೀಗೆ 24 ವಾರಗಳ ಕಾಲ ಕೊಟ್ಟರು. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಗ್ಲುಕೋಸಮೈನ್ ಗುಂಪಿನಲ್ಲಿ ನೂರಕ್ಕೆ 64 ಜನರ ನೋವು ಐದರಲ್ಲಿ ಒಂದು ಪಾಲಾದರೂ ಕಡಿಮೆಯಾಗಿತ್ತು. ಎರಡನ್ನೂ ಸೇರಿಸಿ ನುಂಗಿದವರಲ್ಲಿ 66.6. ಇಷ್ಟನ್ನೇ ಜಾಹೀರಾತಿನಲ್ಲಿ ಹಾಕಿದರೆ ಯಾರಾದರೂ ಮರುಳಾಗಬೇಕು. ಆದರೆ ಹುಸಿಮಾತ್ರೆ ನುಂಗಿದವರಲ್ಲಿಯೂ 60.1ರಷ್ಟು ಜನ ಹಾಗೆಯೇ ಸುಧಾರಿಸಿದ್ದರು. ಅಕ್ಕನೂ ನಾನೂ ಸುಳ್ಳು ಹೇಳಿರಲಿಲ್ಲ. ನಮ್ಮ ನೋವು ಇಳಿದದ್ದು ನಿಜ, ಇಳಿಸಿದ್ದು ಯಾರು ಎಂಬಲ್ಲಿ ಎಡವಿದ್ದೆವು. ನೋವು ಹೆಚ್ಚಾಗಿದ್ದವರ ಸಣ್ಣದೊಂದು ಗುಂಪಿನಲ್ಲಿ ಎರಡೂ ಸೇರಿದ ಮಾತ್ರೆಯಿಂದ 79.2ರಷ್ಟು ಜನರಿಗೆ, ಹುಸಿಮಾತ್ರೆಯಿಂದ 54.3ರಷ್ಟು ಜನರಿಗೆ ಗುಣ ಕಂಡಿತ್ತು ಎಂಬುದನ್ನೂ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಆದರೂ 2019ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಸಂಘವು ಎಲ್ಲವನ್ನೂ ತೂಗಿ ನೋಡಿ, ಮಂಡಿಯ ಸವೆತದ ನೋವಿಗೆ ಗ್ಲುಕೋಸಮೈನ್ ಬೇಡ ಎಂದೇ ಕಟ್ಟುನಿಟ್ಟಾಗಿ ಹೇಳಿತು.

ನನಗೆ ಡಬ್ಬಿಯ ಋಣ ಹರಿದದ್ದು ಈ ಓದಿನಿಂದಲ್ಲ, ತಲಪಾಡಿಯ ಗಡಿ ಮುಚ್ಚಿದ್ದರಿಂದ. 2020ರ ಮಾರ್ಚ್‌ನಲ್ಲಿ ಕೋವಿಡ್ಡಿನ ದೆಸೆಯಿಂದ ಕಾಸರಗೋಡಿಗೂ ಮಂಗಳೂರಿಗೂ ನಡುವಿನ ದಾರಿ ಕಟ್ಟಿತು. ಡಯಾಲಿಸಿಸ್ಸಿಗೂ ಹೆರಿಗೆಗೂ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಗಡಿನಾಡಿನ ಜನ ಆ ದಿನಗಳಲ್ಲಿ ಪಟ್ಟ ಕಷ್ಟದೆದುರು ನನ್ನ ಮೊಣಕಾಲು ಯಾವ ಲೆಕ್ಕದ್ದೂ ಅಲ್ಲ. ಶಾರ್ಜಾದ ಡಬ್ಬಿ ಖಾಲಿಯಾದ ಮೇಲೆ ಮಂಗಳೂರಿನಿಂದ ತರಿಸುತ್ತಿದ್ದ ಮಾತ್ರೆ ನಿಂತುಹೋಯಿತು ಎಂಬಷ್ಟು ಮಾತ್ರ ಇಲ್ಲಿನ ಸಂಗತಿ. ಮಾತ್ರೆಯಿಲ್ಲದ ಮೂರು ತಿಂಗಳುಗಳನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಕೆಂಪು ಪುಟಗಳಿಗೂ ನೀಲಿ ಪುಟಗಳಿಗೂ ನನ್ನ ಕಣ್ಣಿಗೆ ಭೇದ ಸಿಗಲಿಲ್ಲ. ಹೋಗಿ ಬರುವವರಿಲ್ಲದ ಆ ಬೇಸಗೆಯಲ್ಲಿ ಬೇರೇನೂ ತೋಚದೆ ದಿನಕ್ಕೆರಡು ಬಾರಿ ತೋಟಕ್ಕೆ ಇಳಿಯುತ್ತಿದ್ದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ, ಕೆಂಪು ಪುಟಗಳೇ ಒಂದು ಕೈ ಮೇಲು.

ಅರಸಿನದ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಅಡುಗೆಯಲ್ಲಿ, ಗಾಯಕ್ಕೆ, ಶಾಸ್ತ್ರಕ್ಕೆ ಎಲ್ಲದಕ್ಕೂ ಬರುವ ವಸ್ತುವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ನಮಗೇ ಮಾರುತ್ತಾರಲ್ಲ ಎಂಬ ಸಣ್ಣ ಸಿಟ್ಟೂ ಇದೆ. ಅರಸಿನದೊಳಗಿನ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುವ ಗುಣವುಳ್ಳದ್ದು ಹೌದು. ಆದರೆ ಅದು ನೀರಿನಲ್ಲಿ ಕರಗದು, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಸೇರಿದುದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಅದು ಸೇರುವ ಪ್ರಮಾಣ ಶೇಕಡಾ 2,000ದಷ್ಟು ಏರಿದುದನ್ನು ತೋರಿಸಿದರು. ಪಿಪರಿನ್ ಎಂದರೆ ಕಾಳುಮೆಣಸಿನ, ನಮ್ಮ ಮಾತಿನ ಒಳ್ಳೆಮೆಣಸಿನ, ಖಾರ. ಅಡಿಕೆ ಮರಗಳಿಗೆ ಹಬ್ಬಿಸಿದ ಬಳ್ಳಿಯಲ್ಲಿ ಗೊಂಚಲು ಗೊಂಚಲಾಗಿ ಜೋತಿರುವುದು ಅದೇ. ಹಾಗೆಂದು ಸಾರಿಗೆ ಚಿಟಿಕೆ ಅರಸಿನವನ್ನೂ ನಾಲ್ಕು ಕಾಳು ಮೆಣಸನ್ನೂ ಹಾಕಿದರೆ ಮಂಡಿನೋವು ಹೋಗುತ್ತದೆ ಎಂದು ತಿಳಿಯಬಾರದು. 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ಹಲವು ಚಮಚ ಅರಸಿನದ ಪುಡಿ ಬೇಕು. ಕ್ಯಾಪ್ಸೂಲಿನಿಂದ ಮಂಡಿನೋವು ಕೊಂಚ ತಗ್ಗಿತೆಂದು ತೋರಿಸಿದ ಸಣ್ಣ ಸಣ್ಣ ಪರೀಕ್ಷೆಗಳಿವೆ. ಮೆಣಸಿನ ಸಾರ ಸೇರಿಸಿ ರಕ್ತಕ್ಕೆ ನುಗ್ಗುವಂತೆ ಮಾಡಿದ ಅರಸಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದವರ ವರದಿಗಳೂ ಈಚಿನ ವರ್ಷಗಳಲ್ಲಿ ಬಂದಿವೆ. ರಕ್ತಕ್ಕೆ ಸುಲಭವಾಗಿ ಸೇರದಿರುವುದೇ ಅಡುಗೆಮನೆಯ ಅರಸಿನದ ಸುರಕ್ಷತೆಯಾಗಿತ್ತೋ ಏನೋ.

ಪಟ್ಟಿಗಳ ಮಾತಿಗೆ ಬಂದರೆ ನನ್ನ ಪುಸ್ತಕ ಸ್ವಲ್ಪ ಪ್ರಸನ್ನವಾಗುತ್ತದೆ. ನೋವಿದ್ದಲ್ಲಿಗೆ ಏನನ್ನಾದರೂ ಕಟ್ಟುವುದು ನಮಗೆ ಹೊಸತಲ್ಲ. ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿಮಾಡಿ ಮಂಡಿಗೆ ಕಟ್ಟುವುದನ್ನೂ, ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಹೊಯ್ಯುವುದನ್ನೂ ನನ್ನ ಅತ್ತೆಯವರು ಕೊನೆಯವರೆಗೂ ಬಿಟ್ಟಿರಲಿಲ್ಲ. ತೂತುಗಳಿದ್ದ ಬೆಲ್ಲಡೋನಾ ಪ್ಲಾಸ್ಟರನ್ನು ಸೊಂಟಕ್ಕೆ ಅಂಟಿಸಿಕೊಂಡು ಓಡಾಡುತ್ತಿದ್ದ ಹೆಡ್‌ಮಾಸ್ಟರರೊಬ್ಬರು ನಮ್ಮ ಶಾಲೆಯಲ್ಲಿದ್ದರು. ಚರ್ಮದ ಮೂಲಕ ಲೆಕ್ಕ ಹಾಕಿ ಮದ್ದನ್ನು ಒಳಗೆ ಕಳುಹಿಸುವ ಮೊದಲ ಪಟ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1979ರಲ್ಲಿ. ಅದು ಪ್ರಯಾಣದ ವಾಂತಿಗೆ. ಈಗ ಮೆಡಿಕಲ್ ಶಾಪಿನಲ್ಲಿ ನೋವಿನ ಪಟ್ಟಿ ಕೊಡಿ ಎಂದರೆ ಸಿಗುವುದು ಒಂದೇ ಜಾತಿಯ ವಸ್ತುವಲ್ಲ ಎಂಬುದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕೆಲವು ನಿಜವಾಗಿ ಮದ್ದನ್ನು ಒಳಗಿಳಿಸುತ್ತವೆ. ಕೆಲವು ಚರ್ಮದ ನರಗಳಿಗೆ ತಂಪಿನ ಅಥವಾ ಬಿಸಿಯ ಭ್ರಮೆ ಹುಟ್ಟಿಸಿ ಮನಸ್ಸನ್ನು ಅತ್ತ ಸೆಳೆಯುತ್ತವೆ. ಇನ್ನು ಕೆಲವು ಅಂಟುವುದರ ಹೊರತು ಬೇರೇನನ್ನೂ ಮಾಡುವುದಿಲ್ಲ.

ಮೊದಲನೆಯ ಜಾತಿಯಲ್ಲಿ ಮುಖ್ಯವಾದುದು ಡೈಕ್ಲೋಫೆನಾಕ್. ಮಾತ್ರೆಯಾಗಿ ನುಂಗಿದರೆ ಹೊಟ್ಟೆ, ಮೂತ್ರಪಿಂಡ, ಹೃದಯ ಮೂರಕ್ಕೂ ತೊಂದರೆ ಕೊಡಬಲ್ಲ ಮದ್ದು ಅದು. ದನಕರುಗಳಿಗೆ ಕೊಟ್ಟ ಅದೇ ಮದ್ದು, ಸತ್ತ ದನಗಳ ಮಾಂಸದ ಮೂಲಕ, ಈ ದೇಶದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಅವುಗಳ ಸಂತತಿಯನ್ನೇ ಬಹುಪಾಲು ಅಳಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅದೇ ವಸ್ತುವನ್ನು ಮಂಡಿಯ ಚರ್ಮಕ್ಕೆ ಜೆಲ್ಲಾಗಿ ಹಚ್ಚಿದಾಗ ರಕ್ತಕ್ಕೆ ಸೇರುವುದು ನುಂಗಿದಾಗ ಸೇರುವುದರ ನೂರಕ್ಕೆ ಸುಮಾರು 6 ಪಾಲು ಮಾತ್ರ. ಮಂಡಿ ಚರ್ಮಕ್ಕೆ ಹತ್ತಿರವಿರುವುದರಿಂದ ಅಲ್ಲಿನ ಪೊರೆಗೆ ಬೇಕಾದಷ್ಟು ಸಿಗುತ್ತದೆ. ಪಟ್ಟಿಯೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿಗೆ ಇದು ಮುಟ್ಟದು. ಗ್ಲುಕೋಸಮೈನ್ ಬೇಡವೆಂದ ಅದೇ 2019ರ ಮಾರ್ಗಸೂಚಿ ಮಂಡಿಗೆ ಹಚ್ಚುವ ಈ ಜಾತಿಯ ಮದ್ದನ್ನು ಒತ್ತಿ ಶಿಫಾರಸು ಮಾಡಿದೆ. ನನ್ನ ಪುಸ್ತಕದಲ್ಲಿಯೂ ಡೈಕ್ಲೋಫೆನಾಕ್ ಪಟ್ಟಿ ಹಾಕಿದ ದಿನಗಳಿಗೆ ಸರಾಸರಿ ನಾಲ್ಕೈದು ಮೆಟ್ಟಿಲುಗಳ ಲಾಭವಿದೆ. ಪವಾಡವೇನೂ ಅಲ್ಲ, ಆದರೆ ಮದುವೆಮನೆಯಲ್ಲಿ ಹೊತ್ತುಗಟ್ಟಲೆ ನಿಲ್ಲಬೇಕಾದ ದಿನ, ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವ ದಿನ, ನಾಲ್ಕು ಮೆಟ್ಟಿಲೆಂದರೆ ಸಣ್ಣ ಮಾತಲ್ಲ. ಪಟ್ಟಿ ಹಾಕಿದ ದಿನ ಅದೇ ಜಾತಿಯ ಮಾತ್ರೆಯನ್ನೂ ನುಂಗುವುದು, ಹೊದಿಕೆಯ ಮೇಲೆ ಬರೆದ ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದು, ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಹಾಕಿಕೊಳ್ಳುವುದು ಸಲ್ಲದು.

ಎರಡನೆಯ ಜಾತಿಯ ಪಟ್ಟಿಗಳಲ್ಲಿ ಇರುವುದು ಮೆಂಥಾಲ್, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್, ಇಲ್ಲವೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್. ಗಲ್ಫಿನ ಎಣ್ಣೆಗಳ ಬಳಗವೂ ಇದೇ. ಮೀಥೈಲ್ ಸ್ಯಾಲಿಸಿಲೇಟ್ ಎಂದರೆ ಊಟಿಯ ಅಂಗಡಿಗಳಲ್ಲಿ ಮಾರುವ ವಿಂಟರ್‌ಗ್ರೀನ್ ಎಣ್ಣೆಯ ಸತ್ವ. ಆಸ್ಪಿರಿನ್ನಿನ ಹತ್ತಿರದ ನೆಂಟ. ಶುದ್ಧ ರೂಪದಲ್ಲಿ ಒಂದು ಚಮಚದಷ್ಟು ಒಳಗೆ ಹೋದರೂ ಮಗುವಿನ ಪ್ರಾಣಕ್ಕೆ ಅಪಾಯ. ಮೊಮ್ಮಕ್ಕಳು ಬರುವ ದಿನ ಆ ಬಾಟಲಿಗಳು ಗೂಡಿನಿಂದ ಅಟ್ಟಕ್ಕೆ ಹೋಗುತ್ತವೆ. ಮೆಂಥಾಲ್ ಚರ್ಮದಲ್ಲಿ ತಂಪನ್ನು ಗುರುತಿಸುವ ನರತುದಿಗಳನ್ನೂ, ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರತುದಿಗಳನ್ನೂ ಮುಟ್ಟುತ್ತದೆ. ಗಾಂಧಾರಿ ಮೆಣಸನ್ನು ಅರೆದ ಕೈಯಿಂದ ಮರೆತು ಕಣ್ಣುಜ್ಜಿಕೊಂಡ ಯಾರಿಗೂ ಇದರ ವಿವರಣೆ ಬೇಕಾಗದು. ಮೆಣಸಿಗೆ ಕೈ ಏಕೆ ಸುಟ್ಟಂತೆ ಉರಿಯುತ್ತದೆ ಎಂಬುದನ್ನು ಬೆನ್ನುಹತ್ತಿ ಹೋಗಿ ನರತುದಿಯಲ್ಲಿ ಬಿಸಿಯನ್ನು ಗುರುತಿಸುವ ಆ ಗ್ರಾಹಕವನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನನ್ನು ದಿನಗಟ್ಟಲೆ ಹಚ್ಚುತ್ತಾ ಬಂದರೆ ಆ ನರತುದಿಗಳು ದಣಿದು ನೋವಿನ ಸುದ್ದಿ ಕಳುಹಿಸುವುದನ್ನು ಕಡಿಮೆ ಮಾಡುತ್ತವೆ. ಮೊದಲ ವಾರದ ಉರಿಯನ್ನು ಸಹಿಸಿದವರಿಗೆ ಮಾತ್ರ ಆ ಫಲ, ನಾನು ಸಹಿಸಲಿಲ್ಲ.

ಈ ಪಟ್ಟಿಗಳಿಂದ ನಾನು ಪಟ್ಟ ಪಾಡನ್ನು ಮುಚ್ಚಿಡಬಾರದು. ಆಟಿ ತಿಂಗಳ ಒಂದು ರಾತ್ರಿ, ಜಡಿಮಳೆ, ಕರೆಂಟಿಲ್ಲ, ನೋವು ನಾಲ್ಕನೆಯ ಮೆಟ್ಟಿಲಿನದ್ದು. ಮೆಂಥಾಲಿನ ಪಟ್ಟಿಯೊಂದನ್ನು ಅಂಟಿಸಿ, ಸಾಲದೆಂದು ಅದರ ಮೇಲೆ ಬಿಸಿನೀರಿನ ಚೀಲವನ್ನಿಟ್ಟು, ಮೇಲಿಂದ ಶಾಲು ಸುತ್ತಿ ಮಲಗಿದೆ. ಎಚ್ಚರವಾದಾಗ ಪಟ್ಟಿಯ ಆಕಾರಕ್ಕೆ ಸರಿಯಾಗಿ ಚೌಕವಾಗಿ ಚರ್ಮ ಕೆಂಪಾಗಿ, ಎರಡು ಕಡೆ ಗುಳ್ಳೆಯೆದ್ದಿತ್ತು. ಬಿಸಿ ತಾಗಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಮದ್ದು ಒಮ್ಮೆಲೆ ಒಳಗೆ ಹೋಗುತ್ತದೆ ಎಂಬುದು ಮರುದಿನ ಹೊದಿಕೆಯನ್ನು ಓದಿದಾಗ ತಿಳಿಯಿತು. ಅಲ್ಲಿ ಅದು ದಪ್ಪಕ್ಷರದಲ್ಲೇ ಇತ್ತು. ಇಂಥ ಪಟ್ಟಿ, ಮುಲಾಮುಗಳಿಂದ ಸುಟ್ಟ ಗಾಯಗಳಾದ ಪ್ರಕರಣಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2012ರಲ್ಲಿಯೇ ಎಚ್ಚರಿಸಿತ್ತು. ಆ ಚೌಕದ ಗುರುತು ನನ್ನ ಮಂಡಿಯ ಮೇಲೆ ಮೂರು ತಿಂಗಳಿತ್ತು.

ಮೂರನೆಯ ಜಾತಿ ಈಚೆಗೆ ಫೋನಿನ ಜಾಹೀರಾತುಗಳಲ್ಲಿ ಬರುತ್ತಿರುವುದು: ಕಾಂಡ್ರಾಯ್ಟಿನ್ ಪಟ್ಟಿ, ಕೊಲಾಜನ್ ಪಟ್ಟಿ, ಅರಸಿನದ ಪಟ್ಟಿ. ಪೂರಕವೂ ಪಟ್ಟಿಯೂ ಒಂದಾಗಿರುವುದರಿಂದ ಇವು ಬಹಳ ಜಾಣತನದ್ದಾಗಿ ತೋರುತ್ತವೆ. ಆದರೆ ಚರ್ಮ ಇರುವುದೇ ಹೊರಗಿನದನ್ನು ಹೊರಗಿಡಲು. ಅಣುಗಳ ತೂಕದ ಅಳತೆಯಾದ ಡಾಲ್ಟನ್ನಿನಲ್ಲಿ ಹೇಳುವುದಾದರೆ, ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳನ್ನು ಅದು ಒಳಬಿಡುವುದಿಲ್ಲ ಎಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಂದಾಜು. ಡೈಕ್ಲೋಫೆನಾಕ್ 300ರ ಹತ್ತಿರ, ಕ್ಯಾಪ್ಸೈಸಿನ್ ಅದಕ್ಕಿಂತ ತುಸು ಹೆಚ್ಚು, ಮೆಂಥಾಲ್ 156, ಇವು ನುಸುಳುತ್ತವೆ. ಕಾಂಡ್ರಾಯ್ಟಿನಿನ ತೂಕ ಸಾವಿರಗಳಲ್ಲಿ, ಕೊಲಾಜನ್ನಿನದು ಸುಮಾರು ಮೂರು ಲಕ್ಷ. ಆನೆಯನ್ನು ಬೆಕ್ಕಿನ ಕಂಡಿಯಲ್ಲಿ ದಾಟಿಸುವ ಈ ವ್ಯಾಪಾರಕ್ಕೆ ನನ್ನ ಗೂಡಿನಲ್ಲಿ ಜಾಗವಿಲ್ಲ.

ಗಿಡಮೂಲಿಕೆಯದ್ದು, ಆದುದರಿಂದ ತೊಂದರೆಯಿಲ್ಲ ಎಂಬ ಮಾತನ್ನು ಬೇರೆ ಊರಿನವರು ಹೇಳಿದರೆ ಒಪ್ಪಬಹುದು, ನಾವು ಹೇಳಬಾರದು. ಕಾಸರಗೋಡಿನ ಹೆಸರು ಕಾಸರಕನ ಮರದಿಂದ ಬಂತು ಎನ್ನುವವರಿದ್ದಾರೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡುವಿಷ. ಅದೇ ಬೀಜವನ್ನು ಶಾಸ್ತ್ರೋಕ್ತವಾಗಿ ಶುದ್ಧಿಮಾಡಿ ಆಯುರ್ವೇದದಲ್ಲಿ ವಾತದ ನೋವಿನ ವಿಷತಿಂದುಕ ವಟಿಗೆ ಸೇರಿಸುತ್ತಾರೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುವ ನಮ್ಮಲ್ಲಿ, ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಏನಾಗುತ್ತದೆ ಎಂಬುದನ್ನು ಹಿರಿಯರು ಎಚ್ಚರಿಸದೆ ಬಿಡುವುದಿಲ್ಲ. ಇದಕ್ಕಿಂತ ನನಗೆ ಹೆದರಿಕೆ, ಹೆಸರು ವಿಳಾಸಗಳಿಲ್ಲದ ಪೊಟ್ಟಣದಲ್ಲಿ ಬರುವ ‘ಗಂಟುನೋವಿನ ಪುಡಿ’ಗಳ ಬಗ್ಗೆ. ಎರಡೇ ದಿನಗಳಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೆಂದು ಶಂಕಿಸಬೇಕು. 2022ರಲ್ಲಿ ಅಮೆರಿಕದಲ್ಲಿ ಆರ್ಟ್ರಿ ಕಿಂಗ್ ಎಂಬ ಹೆಸರಿನ ಕೀಲುನೋವಿನ ಪೂರಕವನ್ನು ಪರೀಕ್ಷಿಸಿದಾಗ, ಹೊದಿಕೆಯಲ್ಲಿ ಬರೆಯದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಎರಡೂ ಅದರೊಳಗಿದ್ದವು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ತಿಳಿಯಿತೆಂದು ಒಮ್ಮೆಲೆ ನಿಲ್ಲಿಸುವುದೂ ಅಪಾಯವೇ; ವೈದ್ಯರ ಮುಂದೆ ಪೊಟ್ಟಣ ಸಮೇತ ಹೋಗಬೇಕು. ಕೀಲು ಬಿಸಿಯಾಗಿ ಊದಿಕೊಂಡರೆ, ಜ್ವರವಿದ್ದರೆ, ಬೆಳಿಗ್ಗೆ ಎದ್ದು ಗಂಟೆ ಕಳೆದರೂ ಬೆರಳುಗಳ ಬಿಗಿತ ಸಡಿಲವಾಗದಿದ್ದರೆ ಅದು ಸವೆತದ ನೋವಲ್ಲದೆ ಬೇರೆಯೇ ರೋಗವಿರಬಹುದು. 2006ರಿಂದಾಚೆಗೆ ಕೇರಳದಲ್ಲಿ ಚಿಕೂನ್‌ಗುನ್ಯ ಹಬ್ಬಿದ ವರ್ಷಗಳನ್ನು ಕಂಡವರಿಗೆ, ಎಲ್ಲ ಗಂಟುನೋವೂ ಒಂದೇ ಅಲ್ಲವೆಂದು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ನನ್ನ ನೋವು ಇಳಿದದ್ದು ಯಾವುದರಿಂದ ಎಂದು ಕೇಳಿದರೆ, ಪುಸ್ತಕ ಹೇಳುವ ಉತ್ತರ ಬಹಳ ನೀರಸವಾದದ್ದು. 2021ರಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳು, ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯುವುದನ್ನೂ, ಮಂಡಿಯ ಕೆಳಗೆ ಸುತ್ತಿದ ಬೈರಾಸನ್ನಿಟ್ಟು ಒತ್ತುವುದನ್ನೂ ಕಲಿಸಿಕೊಟ್ಟಳು. “ಟೀಚರೇ, ಮಗ್ಗಿ ಹೇಳಿಸಿದ ಹಾಗೆ ದಿನಾ ಮಾಡಬೇಕು” ಎಂದಳು. ಮೊದಲ ಆರು ವಾರ ಏನೂ ಆಗಲಿಲ್ಲ. ಆಮೇಲೆ ಅಂಕಿಗಳು ನಿಧಾನವಾಗಿ ಏರಿದವು. ಏರಿದ್ದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೆಟ್ಟ ದಿನಗಳು ಕೂಡ ಹನ್ನೆರಡನೆಯ ಮೆಟ್ಟಿಲಿಗಿಂತ ಮೇಲೆ ಬರುವುದು ಅಪರೂಪವಾಯಿತು. ಉಬ್ಬರವಿಳಿತ ಇದ್ದೇ ಇದೆ, ದಡ ಮಾತ್ರ ಎತ್ತರವಾಗಿದೆ. ಅದೇ ಅವಧಿಯಲ್ಲಿ ನಾಲ್ಕು ಕಿಲೋ ಇಳಿದೆ; ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರದಲ್ಲಿ ನಾಲ್ಕು ಕಿಲೋ ಇಳಿಯುತ್ತದೆಂದು ಲೆಕ್ಕ ಹಾಕಿದವರಿದ್ದಾರೆ. ಕಾಲೆತ್ತುವ ವ್ಯಾಯಾಮವನ್ನು ಡಬ್ಬಿಯಲ್ಲಿ ತುಂಬಿ ಶಾರ್ಜಾದಿಂದ ತರಲು ಬರುವುದಿಲ್ಲ. ಅದಕ್ಕೆ ಜಾಹೀರಾತಿಲ್ಲದಿರುವುದು ಅದರಿಂದಲೇ ಇರಬೇಕು.

ಮಾತ್ರೆ ಬಿಡು ಎಂದು ಅಕ್ಕನಿಗೆ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅವಳಿಗೆ ವಾರ್ಫರಿನ್ ಇಲ್ಲ, ಮಾತ್ರೆ ಈಗ ಜೋಳದ್ದು, ದುಡ್ಡು ಮಗನದ್ದು. ಡಬ್ಬಿ ಮುಗಿಯುವ ಹೊತ್ತಿಗೆ ಅವನಿಂದ ಫೋನು ಬರುವುದೇ ಅವಳ ನೋವಿಗೆ ಅರ್ಧ ಮದ್ದು ಎಂಬ ಸಂಶಯವೂ ನನಗಿದೆ. ಕಳೆದ ತಿಂಗಳು ಅವಳು ಪೆರ್ಲದಿಂದ ಬಂದಿದ್ದಾಗ ಇಬ್ಬರೂ ತೋಟಕ್ಕಿಳಿದೆವು. ಹತ್ತೊಂಬತ್ತರಲ್ಲಿ ನನ್ನ ಮಂಡಿ ಹಿಡಿಯಿತು, ನಿಂತೆ. ಅವಳು ಗೋಡೆ ಹಿಡಿದುಕೊಂಡು ಇನ್ನೂ ಎರಡು ಮೆಟ್ಟಿಲಿಳಿದು ಇಪ್ಪತ್ತೊಂದರಲ್ಲಿ ನಿಂತು, ಹಿಂದೆ ತಿರುಗಿ, “ನನ್ನದನ್ನೂ ನಿನ್ನ ಪುಸ್ತಕದಲ್ಲಿ ಬರೆ, ಮಾತ್ರೆಯಿಂದ ಎರಡು ಮೆಟ್ಟಿಲು ಹೆಚ್ಚು” ಎಂದಳು. ಸಂಜೆ ನಾನು 21 ಎಂದು ಬರೆದೆ. ಪಕ್ಕದ ಕಾಲಮನ್ನು ಖಾಲಿ ಬಿಟ್ಟದ್ದನ್ನು ಕಂಡು, ಪೆನ್ನನ್ನು ಕಸಿದುಕೊಂಡು ಅವಳೇ ತುಂಬಿದಳು.